ಗಡಿ ಬಯಲಿನ ನಾಲ್ಕು ತಾಲ್ಲೂಕುಗಳ ಜನಲೆಕ್ಕ

ಕರ್ನಾಟಕದಲ್ಲಿ ಜನ ಅತಿ ವಿರಳವಾಗಿರುವ ಜಿಲ್ಲೆ ಯಾವುದೆಂದರೆ 2011ರ ಜನಗಣತಿ ಕೊಡಗನ್ನು ತೋರಿಸುತ್ತದೆ. ಅಲ್ಲಿ ಚದರ ಕಿಲೋಮೀಟರಿಗೆ 135 ಜನ. ಅದರ ಬೆನ್ನಿಗೇ ಉತ್ತರ ಕನ್ನಡ 140, ಚಿಕ್ಕಮಗಳೂರು 158. ಮೂರೂ ಮಳೆಯ, ಕಾಡಿನ, ತೋಟದ ಜಿಲ್ಲೆಗಳು. ಅಲ್ಲಿ ನೆಲವನ್ನು ಮರ ಹಿಡಿದಿದೆ, ಆದ್ದರಿಂದ ಜನ ಕಡಿಮೆ. ತುಮಕೂರು ಜಿಲ್ಲೆಯ ಸರಾಸರಿ 253. ರಾಜ್ಯದ 319ಕ್ಕಿಂತ ಕೆಳಗಿದ್ದರೂ ಯಾರೂ ನಿಂತು ನೋಡುವಂಥ ಅಂಕಿಯಲ್ಲ. ಆದರೆ ಈ ಸರಾಸರಿಯೊಳಗೆ ತುಮಕೂರು ನಗರವಿದೆ, ತಿಪಟೂರಿನ ತೆಂಗಿದೆ, ಬೆಂಗಳೂರಿಗೆ ಅಂಟಿಕೊಂಡ ಕುಣಿಗಲ್ ಇದೆ. ಇವನ್ನು ಬದಿಗಿಟ್ಟು ಜಿಲ್ಲೆಯ ಉತ್ತರ ಮತ್ತು ಈಶಾನ್ಯಕ್ಕೆ ಹೊರಳಿದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸಿಗುತ್ತವೆ. ಪಾವಗಡಕ್ಕೆ ಬರುವ ಹೊತ್ತಿಗೆ ಜನಸಾಂದ್ರತೆ ಇನ್ನೂರರ ಕೆಳಗೆ ಇಳಿದಿರುತ್ತದೆ. ದಟ್ಟ ಕಾಡಿಲ್ಲದ, ಬಹುಪಾಲು ಉಳುವುದಕ್ಕೆ ಬರುವ ಬಯಲಿನಲ್ಲಿ ಜನ ಇಷ್ಟು ತೆಳ್ಳಗಾಗಿರುವುದಕ್ಕೆ ಕಾರಣವನ್ನು ನೀರಿನಲ್ಲಿ ಹುಡುಕಬೇಕು.

ನಾಲ್ಕೂ ತಾಲ್ಲೂಕು ಸೇರಿ ಹತ್ತು ಲಕ್ಷಕ್ಕೆ ಹತ್ತಿರದ ಜನ. ಶಿರಾದಲ್ಲಿ ಮೂರು ಲಕ್ಷದ ಆಸುಪಾಸು, ಪಾವಗಡದಲ್ಲಿ ಎರಡೂವರೆ ಲಕ್ಷದ ಹತ್ತಿರ, ಮಧುಗಿರಿ ಇವೆರಡರ ನಡುವೆ. ಕೊರಟಗೆರೆ ಚಿಕ್ಕದು, ಎರಡು ಲಕ್ಷ ಮುಟ್ಟಿಲ್ಲ. ಕಂದಾಯ ಇಲಾಖೆಗೆ ಇವು ಮಧುಗಿರಿ ಉಪವಿಭಾಗ. ಶಿಕ್ಷಣ ಇಲಾಖೆಯೊಂದೇ ಇವುಗಳಿಗೆ ಜಿಲ್ಲೆಯ ಪಟ್ಟ ಕೊಟ್ಟಿದೆ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಚಿಕ್ಕೋಡಿ, ಶಿರಸಿಗಳ ಹಾಗೆ ಮಧುಗಿರಿಯೂ ಒಂದು ಜಿಲ್ಲೆಯಾಗಿ ಕಾಣಿಸಿಕೊಳ್ಳುತ್ತದೆ. ಮಕ್ಕಳ ಅಂಕಗಳನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುವ ಸರ್ಕಾರ ಇಲ್ಲಿನ ಮಳೆ, ಅಂತರ್ಜಲ, ಆದಾಯ, ಗುಳೆಗಳನ್ನು ತುಮಕೂರಿನ ಸರಾಸರಿಯಲ್ಲಿ ಕರಗಿಸಿಬಿಡುತ್ತದೆ. ಈ ಸೀಮೆಯ ಕಷ್ಟ ಕಾಣದೆ ಹೋಗುವುದಕ್ಕೆ ಅದು ದೊಡ್ಡ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ನೆಲ. ರಾಮನಗರದಿಂದ ಉತ್ತರಕ್ಕೆ ಹಾಯುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿ ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಸೀಳಿಕೊಂಡು ಹೋಗುತ್ತದೆ. ಸುಮಾರು ಇನ್ನೂರೈವತ್ತು ಕೋಟಿ ವರ್ಷ ಹಳೆಯ ಬಂಡೆ. ಮಧುಗಿರಿಯ ಏಕಶಿಲಾ ಬೆಟ್ಟ, ಚನ್ನರಾಯನದುರ್ಗ, ಸಿದ್ಧರಬೆಟ್ಟ, ಮಿಡಿಗೇಶಿ, ಪಾವಗಡದ ಕೋಟೆ, ನಿಡಗಲ್ಲು, ಎಲ್ಲವೂ ಬಯಲಿನ ನಡುವೆ ದಿಢೀರನೆ ಎದ್ದು ನಿಂತ ಕಲ್ಲುಬೆಟ್ಟಗಳು. ಮಧ್ಯಕಾಲದಲ್ಲಿ ಬೆಟ್ಟಕ್ಕೊಬ್ಬ ಪಾಳೆಯಗಾರ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ, ಕೋಟೆಗೆ ಬೇಕಾದದ್ದನ್ನು ನೆಲವೇ ಅರ್ಧ ಕಟ್ಟಿಕೊಟ್ಟಿತ್ತು. ಆದರೆ ಇದೇ ಬಂಡೆ ನೀರನ್ನು ತನ್ನ ಬಿರುಕುಗಳಲ್ಲಷ್ಟೇ ಹಿಡಿದಿಡುತ್ತದೆ. ಮೇಲಿನ ಕೆಂಪು ಮರಳು ಮಣ್ಣು ತೆಳುವಾದದ್ದು, ಬಿದ್ದ ಮಳೆ ಬೇಗ ಬಸಿದು, ಬೇಗ ಆರಿಹೋಗುತ್ತದೆ.

ಹೊಳೆಗಳ ಕಥೆ ಇನ್ನೂ ವಿಚಿತ್ರ. ದೇವರಾಯನದುರ್ಗದ ಒಂದೇ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರಿದರೆ, ಜಯಮಂಗಲಿ ಉತ್ತರಕ್ಕೆ ತಿರುಗಿ ಕೊರಟಗೆರೆ, ಮಧುಗಿರಿ ದಾಟಿ ಆಂಧ್ರದ ಪರಿಗಿ ಬಳಿ ಉತ್ತರ ಪಿನಾಕಿನಿಗೆ ಬೀಳುತ್ತದೆ. ಶಿರಾ ಕಡೆಯ ಹಳ್ಳಗಳು ವೇದಾವತಿಯ ಮೂಲಕ ತುಂಗಭದ್ರೆಯತ್ತ ಸಾಗುತ್ತವೆ. ಅಂದರೆ ಮೂರು ಕಣಿವೆಗಳ ನೆತ್ತಿಯ ಮೇಲೆ ಇರುವ ಸೀಮೆ ಇದು. ನೀರು ಇಲ್ಲಿಂದ ಹೊರಟು ಹೋಗುತ್ತದೆಯೇ ಹೊರತು ಬೇರೆ ಕಡೆಯಿಂದ ಹರಿದು ಬರುವುದು ಕಡಿಮೆ. ಉತ್ತರ ಪಿನಾಕಿನಿಯೊಂದು ಅಪವಾದ. ನಂದಿಬೆಟ್ಟದಲ್ಲಿ ಹುಟ್ಟಿ, ಗೌರಿಬಿದನೂರು ಹಾದು, ಹಿಂದೂಪುರದ ಕಡೆ ಆಂಧ್ರಕ್ಕೆ ಹೊಕ್ಕು, ಮತ್ತೆ ಪಾವಗಡದ ನಾಗಲಮಡಿಕೆಯಲ್ಲಿ ಕರ್ನಾಟಕಕ್ಕೆ ಮುಖ ತೋರಿಸಿ ಪುನಃ ಆಂಧ್ರಕ್ಕೆ ಹೋಗುತ್ತದೆ. ಹೊಳೆ ಎಂದು ಹೆಸರು, ವರ್ಷದ ಬಹುಪಾಲು ಮರಳು.

ಪಾವಗಡದ ನಕ್ಷೆಯನ್ನು ಮೊದಲ ಸಲ ನೋಡಿದವರು ಅಚ್ಚಿನ ತಪ್ಪಿರಬೇಕು ಎಂದುಕೊಳ್ಳುತ್ತಾರೆ. ತಾಲ್ಲೂಕನ್ನು ಹೆಚ್ಚುಕಮ್ಮಿ ಎಲ್ಲ ದಿಕ್ಕಿನಿಂದ ಆಂಧ್ರಪ್ರದೇಶ ಸುತ್ತಿದೆ. ಕರ್ನಾಟಕದ ನೆಲಕ್ಕೆ ಅದರ ಹೊಕ್ಕುಳಬಳ್ಳಿ ಇರುವುದು ಚಿತ್ರದುರ್ಗ ಜಿಲ್ಲೆಯ ಕಡೆ. ತನ್ನದೇ ಜಿಲ್ಲಾ ಕೇಂದ್ರವಾದ ತುಮಕೂರಿನಿಂದ ಹೊರಟ ಬಸ್ಸು ಕೊರಟಗೆರೆ, ಮಧುಗಿರಿ, ಮಿಡಿಗೇಶಿ ದಾಟಿದ ಮೇಲೆ ಮಡಕಶಿರಾ ಸೀಮೆಯ ಆಂಧ್ರದ ನೆಲವನ್ನು ತುಳಿದೇ ಪಾವಗಡ ಸೇರಬೇಕು. ಇದು 1799 ಮತ್ತು 1800ರ ಕೆಲಸ. ಟಿಪ್ಪು ಬಿದ್ದ ಮೇಲೆ ಪೆನುಕೊಂಡ, ಮಡಕಶಿರಾ, ಹಿಂದೂಪುರದ ಸುತ್ತಿನ ನೆಲ ನಿಜಾಮನ ಪಾಲಾಗಿ, ಮರುವರ್ಷ ಅವನಿಂದ ಕಂಪನಿಗೆ ದತ್ತವಾಗಿ, ಮದ್ರಾಸಿಗೆ ಸೇರಿತು. ಪಾವಗಡ ಮೈಸೂರಿನಲ್ಲೇ ಉಳಿಯಿತು. 1953ರಲ್ಲಿ ಆಂಧ್ರ ಹುಟ್ಟಿತು, 1956ರಲ್ಲಿ ರಾಜ್ಯಗಳ ಮರುವಿಂಗಡಣೆಯೂ ಆಯಿತು; ಕಂಪನಿಯ ಕಾಲದ ಗೆರೆ ಮಾತ್ರ ಹಾಗೇ ನಿಂತಿತು.

ಆ ಗೆರೆ ಜನರ ನಡುವೆ ಎಳೆದದ್ದಲ್ಲ, ಜನರ ಮೇಲೆಯೇ ಎಳೆದದ್ದು. ಪಾವಗಡದ ಅನೇಕ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಶಾಲೆ ಮತ್ತು ಕಚೇರಿಯ ಮಾತು ಕನ್ನಡ. ಗೆರೆಯಾಚೆ ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆ ಮಂಡಲಗಳಲ್ಲಿ ಮನೆಮಾತು ಕನ್ನಡ, ಕಚೇರಿಯದು ತೆಲುಗು. ಒಂದು ಕಾಲಕ್ಕೆ ಈ ಇಡೀ ಬಯಲನ್ನು ಆಳಿದ ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಅಮರಾಪುರ ಮಂಡಲದಲ್ಲಿದೆ. ಅಲ್ಲಿಯ ಶಾಸನಗಳ ಭಾಷೆ ಕನ್ನಡ. ಶಿರಾ ಮತ್ತು ಮಧುಗಿರಿಯ ಹಳ್ಳಿಗಳ ಬೀಗತನ ಗೆರೆಯ ಎರಡೂ ಕಡೆ ಹರಡಿದೆ. ಹುಣಿಸೆಹಣ್ಣು ಹಿಂದೂಪುರದ ಮಾರುಕಟ್ಟೆಗೆ ಹೋಗುತ್ತದೆ. ಹೆರಿಗೆಗೆ, ಬಟ್ಟೆ ಕೊಳ್ಳಲು ಜನ ಯಾವುದು ಹತ್ತಿರವೋ ಅಲ್ಲಿಗೆ ಹೋಗುತ್ತಾರೆ. ಪಡಿತರ ಚೀಟಿ, ಬಸ್ ಪಾಸು, ಸಂಬಂಧಪಟ್ಟ ಕಚೇರಿ ಎಂಬ ಮಾತು ಬಂದಾಗ ಮಾತ್ರ ಗೆರೆ ಎದ್ದು ನಿಲ್ಲುತ್ತದೆ. ಆಂಧ್ರ ಸರ್ಕಾರ 2022ರ ಏಪ್ರಿಲ್‌ನಲ್ಲಿ ಅನಂತಪುರವನ್ನು ಒಡೆದು ಪುಟ್ಟಪರ್ತಿ ಕೇಂದ್ರವಾಗಿ ಶ್ರೀ ಸತ್ಯಸಾಯಿ ಜಿಲ್ಲೆ ಮಾಡಿತು. ಮಡಕಶಿರಾ, ಹಿಂದೂಪುರದವರಿಗೆ ಸಣ್ಣ ಜಿಲ್ಲೆ ಸಿಕ್ಕಿತು. ಪಾವಗಡದವರು ಇವತ್ತಿಗೂ ಜಿಲ್ಲಾಧಿಕಾರಿಯನ್ನು ಕಾಣಲು ನೂರು ಕಿಲೋಮೀಟರಿನಷ್ಟು ದಾರಿ ಸಾಗಬೇಕು.

ಜನ ಇಲ್ಲಿ ಯಾವಾಗಲೂ ಇಷ್ಟೇ ಇದ್ದರೇ? ಶಿರಾದ ಇತಿಹಾಸ ಬೇರೆಯೇ ಹೇಳುತ್ತದೆ. ರತ್ನಗಿರಿಯ ರಂಗಪ್ಪನಾಯಕ ಕಟ್ಟಲು ತೊಡಗಿದ ಊರು ಬಿಜಾಪುರದವರ ಕೈ ಸೇರಿ, 1687ರಲ್ಲಿ ಮೊಗಲರ ಸುಬಾದ ರಾಜಧಾನಿಯಾಯಿತು. ಮಲಿಕ್ ರಿಹಾನ್ ದರ್ಗಾ, 1696ರ ಜುಮ್ಮಾ ಮಸೀದಿ ಆ ಎರಡು ಆಳ್ವಿಕೆಗಳ ಗುರುತುಗಳು. ಮೊಗಲರ ಸುಬೇದಾರ ದಿಲಾವರ್ ಖಾನನ ಕಾಲಕ್ಕೆ ಅಲ್ಲಿ ಐವತ್ತು ಸಾವಿರ ಮನೆಗಳಿದ್ದವು ಎಂಬ ಮಾತಿದೆ. ಉತ್ಪ್ರೇಕ್ಷೆಯೇ ಇರಬಹುದು, ಆದರೆ ಬೆಂಗಳೂರಿಗಿಂತ ದೊಡ್ಡ ಊರಾಗಿತ್ತು ಎಂಬುದನ್ನು ನಂಬಬಹುದು. ಆಮೇಲೆ ಹೈದರ್, ಮರಾಠರು, ಮತ್ತೆ ಹೈದರ್. ಊರು ಕೈಯಿಂದ ಕೈಗೆ ದಾಟಿತು. ಶ್ರೀರಂಗಪಟ್ಟಣದ ಶಹರ್ ಗಂಜಾಮನ್ನು ತುಂಬಿಸಲು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಟಿಪ್ಪು ಒಯ್ದ ಎಂದು ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸಿದೆ. 2011ರಲ್ಲಿ ಶಿರಾ ಪಟ್ಟಣದ ಜನಸಂಖ್ಯೆ ಐವತ್ತೇಳು ಸಾವಿರದ ಸುಮಾರು. ಮುನ್ನೂರು ವರ್ಷಗಳ ಹಿಂದಿನ ಮನೆಗಳ ಎಣಿಕೆಯನ್ನು ಇವತ್ತಿನ ತಲೆಗಳ ಎಣಿಕೆಯೂ ಅಷ್ಟೇನೂ ದಾಟಿಲ್ಲ.

ಯುದ್ಧ ಮಾಡಿದ್ದಕ್ಕಿಂತ ದೊಡ್ಡ ನಾಶವನ್ನು 1876ರಿಂದ 78ರವರೆಗಿನ ಧಾತು ಈಶ್ವರದ ಬರ ಮಾಡಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50.55 ಲಕ್ಷ, 1881ರ ಗಣತಿಯಲ್ಲಿ 41.86 ಲಕ್ಷ. ಅತಿ ಹೆಚ್ಚು ಪೆಟ್ಟು ತಿಂದದ್ದು ಪೂರ್ವ ಮತ್ತು ಉತ್ತರದ ಒಣ ಜಿಲ್ಲೆಗಳಾದ ಕೋಲಾರ, ತುಮಕೂರು, ಚಿತ್ರದುರ್ಗ. ಆ ಬರದ ನೆನಪು ಈ ಕಡೆಯ ಹಳ್ಳಿಗಳಲ್ಲಿ ಮಾತಿಗಿಂತ ಹೆಚ್ಚಾಗಿ ನೆಲದಲ್ಲಿ ಉಳಿದಿದೆ.

ಕಂದಾಯ ದಾಖಲೆಯಲ್ಲಿ ‘ಬೇಚರಾಕ್’ ಎಂಬ ಗ್ರಾಮಗಳಿವೆ. ಹೆಸರಿದೆ, ಗಡಿಕಲ್ಲಿದೆ, ಸರ್ವೆ ನಂಬರುಗಳಿವೆ, ವಾಸಿಸುವ ಜನ ಒಬ್ಬರೂ ಇಲ್ಲ. ತುಮಕೂರು ಜಿಲ್ಲೆಯ ಗ್ರಾಮಪಟ್ಟಿ ಬಿಡಿಸಿದರೆ ಇಂಥವು ಸಾಕಷ್ಟು ಸಿಗುತ್ತವೆ. ಇಂಥ ಊರಿನ ಜಾಗಕ್ಕೆ ಹೋದರೆ ಕಾಣುವುದು ಸಾಮಾನ್ಯವಾಗಿ ಹೀಗೆ: ಕಡಲೆಕಾಯಿ ಹೊಲದ ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಒಡೆದ ಮಡಿಕೆಯ ಚೂರು, ಬೂದಿ ಬಣ್ಣದ ಮಣ್ಣು, ಮೇಲ್ಛಾವಣಿಯಿಲ್ಲದ ಆಂಜನೇಯನ ಗುಡಿ, ಹೂಳು ತುಂಬಿದ ಕಲ್ಲುಕಟ್ಟಡದ ಬಾವಿ. ಪಕ್ಕದೂರಿನವರು ವರ್ಷಕ್ಕೊಮ್ಮೆ ಬಂದು ಆ ಗುಡಿಗೆ ಎಡೆ ಇಟ್ಟು ಹೋಗುತ್ತಾರೆ. ಯಾಕೆ ಹಾಳಾಯಿತೆಂದು ಕೇಳಿದರೆ ಒಬ್ಬರು ಬರ ಎನ್ನುತ್ತಾರೆ, ಇನ್ನೊಬ್ಬರು ಪ್ಲೇಗು, ಮತ್ತೊಬ್ಬರು ದಂಡು ಬಂತು ಎನ್ನುತ್ತಾರೆ.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಸ್ಥಿತಿಯೂ ಇದೆ. ಕಾಡುಗೊಲ್ಲರ ಹಟ್ಟಿಗಳು, ಲಂಬಾಣಿ ತಾಂಡಾಗಳು, ನಾಯಕರ ಹಟ್ಟಿಗಳು ಮೂಲ ಗ್ರಾಮದಿಂದ ಒಂದೆರಡು ಮೈಲಿ ಆಚೆ ನೂರಾರು ಜನ ಬಾಳುತ್ತಿದ್ದರೂ ತಲೆಮಾರುಗಟ್ಟಲೆ ಕಂದಾಯ ಗ್ರಾಮವಾಗಿ ಲೆಕ್ಕಕ್ಕೆ ಬಂದಿರಲಿಲ್ಲ. ಮನೆಯ ನೆಲಕ್ಕೆ ಹಕ್ಕುಪತ್ರವಿಲ್ಲ, ಆದ್ದರಿಂದ ಸಾಲವಿಲ್ಲ, ವಸತಿ ಯೋಜನೆಯೂ ದೂರ. ದಾಖಲೆಯಿಲ್ಲದ ಇಂಥ ಜನವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡಿ ಹಕ್ಕುಪತ್ರ ಕೊಡುವ ಕೆಲಸ ಇತ್ತೀಚಿನ ವರ್ಷಗಳಲ್ಲಿ ನಡೆದಿದೆ. ತಡವಾದರೂ ಇದು ಈ ಸೀಮೆಗೆ ಆದ ಒಳ್ಳೆಯ ಕೆಲಸಗಳಲ್ಲಿ ಒಂದು. ಕುರಿ, ಮೇಕೆ, ದನಗಳ ಹಿಂದೆ ಸಾಗುವ ಬದುಕಿಗೆ ಹಟ್ಟಿ ಚದುರಿ ಇರಲೇಬೇಕಿತ್ತು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪ ಕಾಡುಗೊಲ್ಲರ ಸಾಂಸ್ಕೃತಿಕ ವೀರ. ಅವನ ಕಥೆಯ ತುಂಬ ದನಗಳು ಮತ್ತು ಮೇವು ಅರಸುವ ದಾರಿ. ಆದರೆ ಚದುರಿದ ವಸತಿಯ ಕಷ್ಟವನ್ನು ಹೆಚ್ಚು ಉಂಡವರು ಹೆಣ್ಣುಮಕ್ಕಳು. ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಗುಡಿಸಲಲ್ಲಿ ಇರಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಆಸ್ಪತ್ರೆ ದೂರವಿರುವ ಕಡೆ ಅದು ಹಸುಗೂಸಿನ ಪ್ರಾಣಕ್ಕೇ ಬರುತ್ತದೆ.

ಪಾವಗಡದ ವಾಡಿಕೆ ಮಳೆ ವರ್ಷಕ್ಕೆ ಐನೂರು ಮಿಲಿಮೀಟರಿನ ಸುತ್ತಮುತ್ತ. ಮಧುಗಿರಿ, ಕೊರಟಗೆರೆಗೆ ಇಳಿದಂತೆ ಸ್ವಲ್ಪ ಏರುತ್ತದೆ. ಮುಂಗಾರು ಇಲ್ಲಿಗೆ ಬರುವಷ್ಟರಲ್ಲಿ ಸೋತಿರುತ್ತದೆ. ನಿಜವಾದ ಮಳೆ ಉತ್ತರೆ, ಹಸ್ತ, ಚಿತ್ತೆಯದು, ಅಂದರೆ ಸೆಪ್ಟೆಂಬರ್, ಅಕ್ಟೋಬರ್. ಜೂನ್ ಕೊನೆಗೆ ಬಿತ್ತಿದ ಕಡಲೆಕಾಯಿ ಆಗಸ್ಟಿನ ಒಣಗಾಲವನ್ನು ತಡೆದುಕೊಂಡರೆ ಬೆಳೆ. ಇಲ್ಲದಿದ್ದರೆ ಅದೇ ಹೊಲಕ್ಕೆ ಕೊನೆಯ ಆಸೆಯಾಗಿ ಹುರುಳಿ. ಬೆಳೆ ಯಾವುದೇ ಕೈಕೊಟ್ಟರೂ ಹುಣಿಸೆಮರ ಕೈಕೊಡುವುದು ಅಪರೂಪ. ಶಿವರಾತ್ರಿಯಿಂದ ಯುಗಾದಿವರೆಗೆ ಈ ಹಳ್ಳಿಗಳ ಜಗುಲಿಗಳ ಮೇಲೆ ಹೆಂಗಸರು ಕೂತು ಒಣಗಿದ ಹುಣಿಸೆಕಾಯನ್ನು ಮರದ ಕೊಡತಿಯಿಂದ ಬಡಿದು ಸಿಪ್ಪೆ ಬಿಡಿಸುತ್ತಾರೆ, ನಾರು ಎಳೆಯುತ್ತಾರೆ, ಬೀಜ ತೆಗೆಯುತ್ತಾರೆ. ಕೂಲಿ ಕೆಜಿ ಲೆಕ್ಕದಲ್ಲಿ. ದಿನವಿಡೀ ಬಡಿದ ಕೈಯ ಬೆರಳ ಸಂದಿಗಳು ಹುಳಿಗೆ ಬಿರುಕು ಬಿಡುತ್ತವೆ, ರಾತ್ರಿ ಊಟದ ಹೊತ್ತಿಗೆ ಉಪ್ಪು ಖಾರ ತಾಗಿದರೆ ಉರಿಯುತ್ತದೆ. ಬೀಜ, ಸಿಪ್ಪೆಗಳಿಗೂ ಬೆಲೆ ಇದೆ, ಏನೂ ವ್ಯರ್ಥವಿಲ್ಲ. ಬೇಸಿಗೆಯಲ್ಲಿ ಹಳ್ಳಿಯಲ್ಲೇ ಸಿಗುವ ನಿಶ್ಚಿತ ಕೆಲಸ ಎಂದರೆ ಬಹುಪಾಲು ಇದೊಂದೇ.

ಕುಡಿಯುವ ನೀರಿನ ಮಾತು ಬಂದರೆ ಮತ್ತೆ ಅದೇ ಗ್ರಾನೈಟ್ ಎದುರಾಗುತ್ತದೆ. ಬಂಡೆಯ ಬಿರುಕಿನ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ನಿಯಮ. ಪಾವಗಡದ, ಶಿರಾದ, ಮಧುಗಿರಿಯ ಎಷ್ಟೋ ಬೋರುಗಳು ಅದನ್ನು ದಾಟಿವೆ. ಬೋರು ಆಳಕ್ಕಿಳಿದಷ್ಟೂ ಈ ತೊಂದರೆ ಹೆಚ್ಚು. ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆ, ನಲವತ್ತಕ್ಕೇ ಮಂಡಿ ಮಡಚಲಾಗದ ಕೂಲಿಕಾರರು ಇಲ್ಲಿ ಹೊಸದಲ್ಲ. ಈಗ ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿಕೊಳ್ಳಬಹುದು, ಮೋಟಾರು ಕೆಟ್ಟರೆ ವಾರಗಟ್ಟಲೆ ಹಳೆಯ ನೀರೇ ಗತಿ. ಹೊರಗಿನಿಂದ ನೀರು ತರುವ ಯೋಜನೆಗಳ ಪಟ್ಟಿ ಉದ್ದವಿದೆ. ಹೇಮಾವತಿ ಶಿರಾ, ಕಳ್ಳಂಬೆಳ್ಳ ಕೆರೆಗಳವರೆಗೆ ಬಂದಿದೆ. ತುಂಗಭದ್ರಾ ಹಿನ್ನೀರಿನ ಕುಡಿಯುವ ನೀರಿನ ಯೋಜನೆ ಪಾವಗಡಕ್ಕೆ. ಭದ್ರಾ ಮೇಲ್ದಂಡೆಯಲ್ಲಿ ಶಿರಾ, ಪಾವಗಡಕ್ಕೂ ಪಾಲಿದೆ. ಅದಕ್ಕೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಎತ್ತಿನಹೊಳೆಗಾಗಿ ಕೊರಟಗೆರೆಯ ಭೈರಗೊಂಡ್ಲು ಬಳಿ ಯೋಚಿಸಿದ ಜಲಾಶಯ ಮುಳುಗಡೆ ಪರಿಹಾರದ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಇವುಗಳಲ್ಲಿ ಮೊದಲು ಜನರನ್ನು ಮುಟ್ಟಬೇಕಾದದ್ದು ಪಾವಗಡದ ಕುಡಿಯುವ ನೀರು. ಉಳಿದ ಎಲ್ಲ ವಾದಗಳು ಆಮೇಲೆ. 2021 ಮತ್ತು 2022ರಲ್ಲಿ ಭಾರಿ ಮಳೆಯಾಗಿ ಜಯಮಂಗಲಿ ತುಂಬಿ ಹರಿದಾಗ, ಹತ್ತಿಪ್ಪತ್ತು ವರ್ಷ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಜನ ಏರಿಯ ಮೇಲೆ ನಿಂತು ಗಂಗಾಪೂಜೆ ಮಾಡಿದರು. ಹೂಳೆತ್ತಿ, ಕಾಲುವೆ ಬಿಡಿಸಿ ಇಟ್ಟಿದ್ದರೆ ಆ ನೀರು ಇನ್ನೂ ಎಷ್ಟೋ ದಿನ ನಿಲ್ಲುತ್ತಿತ್ತು.

ಮಳೆ ಕಡಿಮೆ, ಬಿಸಿಲು ಹೆಚ್ಚು, ಜನ ವಿರಳ. ಬೇಸಾಯಕ್ಕೆ ಶಾಪವಾದ ಈ ಮೂರನ್ನೂ ವರವಾಗಿ ಕಂಡದ್ದು ಸೌರಶಕ್ತಿ. ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ‘ಶಕ್ತಿಸ್ಥಳ’ ಸೋಲಾರ್ ಪಾರ್ಕ್ ಎದ್ದಿತು. 2018ರ ಮಾರ್ಚ್ 1ರಂದು ಉದ್ಘಾಟನೆ, 2019ರ ಕೊನೆಗೆ ಪೂರ್ಣ ಸಾಮರ್ಥ್ಯ. ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದು ಇಲ್ಲಿನ ವಿಶೇಷ: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಎರಡು ಸಾವಿರಕ್ಕೂ ಹೆಚ್ಚು ರೈತರಿಗೆ ಹೊಲ ಅವರ ಹೆಸರಿನಲ್ಲೇ ಉಳಿದು, ಮಳೆ ಬರಲಿ ಬಿಡಲಿ ಹಣ ಬರುವಂತಾಯಿತು. ಭೂಸ್ವಾಧೀನದ ಹೆಸರಿನಲ್ಲಿ ರೈತರು ಬೀದಿಗೆ ಬಿದ್ದ ಎಷ್ಟೋ ಯೋಜನೆಗಳನ್ನು ಕಂಡ ರಾಜ್ಯಕ್ಕೆ ಇದು ನಿಜಕ್ಕೂ ಉತ್ತಮ ಮಾದರಿ.

ಆದರೆ ಗುತ್ತಿಗೆಯ ಹಣ ಪಹಣಿಯಲ್ಲಿ ಹೆಸರಿರುವವರಿಗೆ. ನಾಲ್ಕೆಕರೆ ಇದ್ದವರಿಗೆ ವರ್ಷಕ್ಕೆ ಎಂಬತ್ತು ಸಾವಿರದ ಮೇಲೆ, ನಲವತ್ತೆಕರೆ ಇದ್ದವರಿಗೆ ಅದರ ಹತ್ತು ಪಟ್ಟು, ಆ ಹೊಲಗಳಲ್ಲಿ ಕಳೆ ಕಿತ್ತು ಕಡಲೆಕಾಯಿ ಬಿಡಿಸುತ್ತಿದ್ದ ಮಾದಿಗ, ನಾಯಕ ಕುಟುಂಬಗಳಿಗೆ ಏನೂ ಇಲ್ಲ. ಪ್ಯಾನೆಲ್ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು ಇವಿಷ್ಟೇ ಸಿಕ್ಕ ಕೆಲಸ, ಅದೂ ಕೆಲವರಿಗೆ. ಬೇಲಿ ಬಿದ್ದ ಮೇಲೆ ಕುರಿಗಳ ದಾರಿ ಮುಚ್ಚಿತು. ಒಳಗೆ ಹುಲ್ಲು ಬೆಳೆಯುತ್ತದೆ, ಹೊರಗೆ ಕುರಿ ನಿಂತಿರುತ್ತದೆ. ಜನಸಂಖ್ಯೆಯ ದೃಷ್ಟಿಯಿಂದ ಇದು ಗಂಭೀರ ವಿಷಯ: ಕೂಲಿ ಮತ್ತು ಮೇವು ಎರಡೂ ತಪ್ಪಿದ ಮನೆಗಳು ಊರು ಬಿಡುವುದರಲ್ಲಿ ಮೊದಲಿಗರು. ಮುಂದೆ ಪಾರ್ಕ್ ವಿಸ್ತರಿಸುವಾಗ ಗುತ್ತಿಗೆಯ ಒಂದು ಪಾಲನ್ನು ಆ ಗ್ರಾಮಗಳ ಭೂರಹಿತರಿಗೆ ಮೀಸಲಿಡುವುದು ಕನಿಷ್ಠ ನ್ಯಾಯ.

ಊರು ಬಿಟ್ಟವರು ಹೋಗುವುದು ಬಹುತೇಕ ಬೆಂಗಳೂರಿಗೆ: ಗಾರೆ ಕೆಲಸ, ಗಾರ್ಮೆಂಟ್ಸು, ಸೆಕ್ಯುರಿಟಿ, ಪೀಣ್ಯದ ಕಾರ್ಖಾನೆ. ತುಮಕೂರು ಜಿಲ್ಲೆಯ ಜನಸಂಖ್ಯೆ 2001ರಿಂದ 2011ಕ್ಕೆ ಬೆಳೆದದ್ದು ಶೇ 3.65 ಮಾತ್ರ, ರಾಜ್ಯ ಶೇ 15ಕ್ಕೂ ಹೆಚ್ಚು ಬೆಳೆಯಿತು. ಪಾವಗಡ ಎರಡೂ ಗಣತಿಗಳಲ್ಲಿ ಹೆಚ್ಚುಕಮ್ಮಿ ನಿಂತಲ್ಲೇ ನಿಂತಿತ್ತು. ನಾಲ್ಕು ತಾಲ್ಲೂಕುಗಳೂ ಒಂದೇ ರೀತಿ ಬರಿದಾಗುತ್ತಿಲ್ಲ. ಪುಣೆ ಹೆದ್ದಾರಿ ಹಾದುಹೋಗುವ ಶಿರಾ ಬೆಳೆಯುತ್ತಿದೆ. ವಸಂತನರಸಾಪುರ ಕೈಗಾರಿಕಾ ಪ್ರದೇಶದ ನೆರೆಯಲ್ಲಿರುವ ಕೊರಟಗೆರೆಯವರು ಬೆಳಿಗ್ಗೆ ಹೋಗಿ ಸಂಜೆ ಬರಬಲ್ಲರು. ಮಧುಗಿರಿ, ಪಾವಗಡ ಪಟ್ಟಣಗಳು 2011ರಲ್ಲಿ ಮೂವತ್ತು ಸಾವಿರವನ್ನೂ ಮುಟ್ಟಿರಲಿಲ್ಲ. ರಾಯದುರ್ಗ–ತುಮಕೂರು ರೈಲುಮಾರ್ಗ ಪಾವಗಡ, ಮಡಕಶಿರಾ, ಮಧುಗಿರಿ, ಕೊರಟಗೆರೆಗಳನ್ನು ಒಂದೇ ದಾರದಲ್ಲಿ ಪೋಣಿಸಬೇಕಿತ್ತು. ಮಂಜೂರಾಗಿ ಎಷ್ಟೋ ವರ್ಷವಾದರೂ ಕಾಮಗಾರಿ ಎಳೆಯುತ್ತಲೇ ಬಂದಿದೆ. ಜನ ಕಡಿಮೆ ಇರುವ ಕಡೆ ಖರ್ಚು ಮಾಡಿದರೆ ಆದಾಯವೆಲ್ಲಿ ಎಂಬ ವಾದವನ್ನು ಇಂಥಲ್ಲಿ ಕೇಳಬೇಕಾಗುತ್ತದೆ. ಜನ ಕಡಿಮೆಯಾದದ್ದೇ ಹೀಗೆ ಖರ್ಚು ಮಾಡದ್ದರಿಂದ ಎಂಬುದನ್ನು ಮಾತ್ರ ಲೆಕ್ಕ ಹಾಕುವುದಿಲ್ಲ.

ಮನುಷ್ಯರು ತೆಳ್ಳಗಾದ ಕಡೆ ಉಳಿದ ಜೀವಿಗಳಿಗೆ ಒಂದಷ್ಟು ಜಾಗ ಉಳಿದಿದೆ ಎನ್ನುವುದನ್ನೂ ಹೇಳಬೇಕು. ಮಧುಗಿರಿಯ ಮೈದನಹಳ್ಳಿಯಲ್ಲಿ 798 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. ಆ ಜಿಂಕೆಗಳು ರಾಜ್ಯದ ಗೆರೆ ನೋಡದೆ ಎರಡೂ ಕಡೆಯ ಹೊಲಗಳಲ್ಲಿ ಮೇಯುತ್ತವೆ. ಶಿರಾದ ಬುಕ್ಕಾಪಟ್ಟಣದ ಕುರುಚಲು ಕಾಡು 2019ರಲ್ಲಿ ಚಿಂಕಾರ ವನ್ಯಧಾಮವಾಯಿತು. ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಿಸೆಮರಗಳ ಮೇಲೇ ಗೂಡು ಕಟ್ಟುತ್ತವೆ, ಊರಿನವರು ಅವನ್ನು ಓಡಿಸುವುದಿಲ್ಲ.

ಮಧುಗಿರಿ ಜಿಲ್ಲೆಯಾಗಬೇಕೆಂಬ ಕೂಗು ಹಳೆಯದು. ಜಿಲ್ಲಾ ಕೇಂದ್ರದ ಆಸೆ ಶಿರಾಕ್ಕೂ ಇದೆ. ಕಚೇರಿಗಳು ಬಂದರೆ ಮಳೆ ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೂ ನಾನು ಈ ಬೇಡಿಕೆಯ ಪರ. ಪ್ರಾದೇಶಿಕ ಅಸಮತೋಲನವನ್ನು ಅಳೆದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಅಳತೆಗೋಲಾಗಿ ಹಿಡಿದಾಗಲೇ ಮಧುಗಿರಿ, ಶಿರಾ, ಪಾವಗಡಗಳು ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳೆಂದು ಕಂಡದ್ದು. ಜಿಲ್ಲೆಯ ಸರಾಸರಿಯಲ್ಲಿ ಅದು ಕಾಣುತ್ತಿರಲಿಲ್ಲ. ಪ್ರತ್ಯೇಕ ಜಿಲ್ಲೆಯಾದರೆ ಬರ ಘೋಷಣೆ, ಫ್ಲೋರೈಡ್ ಸಮೀಕ್ಷೆ, ತಜ್ಞವೈದ್ಯರಿರುವ ಜಿಲ್ಲಾಸ್ಪತ್ರೆ, ಗಡಿ ಶಾಲೆಗಳ ಶಿಕ್ಷಕರ ನೇಮಕ ಇವೆಲ್ಲ ಈ ಒಣ ಸೀಮೆಯ ಸ್ವಂತ ಅಂಕಿಗಳ ಮೇಲೆ ನಿಲ್ಲುತ್ತವೆ. ಕೇಂದ್ರ ಯಾವ ಊರೆಂಬ ಜಗಳದಲ್ಲಿ ಪಾವಗಡದ ದೂರವನ್ನು ಮೊದಲು ಅಳೆಯಬೇಕು. ಮಧುಗಿರಿಯಾದರೆ ಆ ದಾರಿ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ.

ಆ ಸ್ವಂತ ಅಂಕಿಗಳು ಸಿಗುವ ಹೊತ್ತು ಈಗ ಬಂದಿದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ತಪ್ಪಿ, ಹೊಸ ಗಣತಿಗೆ 2027ರ ಮಾರ್ಚ್ 1 ಲೆಕ್ಕದ ಆಧಾರ ದಿನವೆಂದು ಗೊತ್ತಾಗಿದೆ. ಎಣಿಸುವವರು ಬಾಗಿಲಿಗೆ ಬರುವುದು ಫೆಬ್ರವರಿಯಲ್ಲಿ. ಈ ಸೀಮೆಯಲ್ಲಿ ಫೆಬ್ರವರಿ ಎಂದರೆ ಕಡಲೆಕಾಯಿ ಕಣ ಮುಗಿದು, ಹುರುಳಿಯೂ ಒಳಗೆ ಸೇರಿ, ದುಡಿಯುವ ವಯಸ್ಸಿನವರು ಬೆಂಗಳೂರಿನ ಶೆಡ್ಡುಗಳಲ್ಲಿ ಇರುವ ತಿಂಗಳು. ಗಣತಿಯ ದಿನಗಳುದ್ದಕ್ಕೂ ಊರಲ್ಲಿ ಇಲ್ಲದವರನ್ನು ಅವರು ಇರುವ ಕಡೆಯೇ ಎಣಿಸುವುದು ನಿಯಮ. ಪಾವಗಡದ ಪಡಿತರ ಚೀಟಿ, ಪಾವಗಡದ ಮತ, ಪಾವಗಡದ ಪಹಣಿ ಇರುವವರು ಬೆಂಗಳೂರಿನ ಲೆಕ್ಕಕ್ಕೆ ಹೋಗುತ್ತಾರೆ, ಅವರ ಜೊತೆಗೆ ಅನುದಾನದ ಲೆಕ್ಕವೂ ಹೋಗುತ್ತದೆ. ಹಾಗಾಗದಂತೆ ಗುಳೆ ಹೋದವರ ಪಟ್ಟಿಯನ್ನು ಪ್ರತಿ ಗ್ರಾಮ ಪಂಚಾಯಿತಿ ಅದೇ ತಿಂಗಳು ತಾನೇ ಬೇರೆಯಾಗಿ ಮಾಡಿಟ್ಟುಕೊಳ್ಳಬಹುದು. ಪಟ್ಟಿಗೆ ಬೇಕಾದ ಹೆಸರುಗಳನ್ನು ಮನೆಯಲ್ಲಿ ಉಳಿದು ಹುಣಿಸೆ ಬಡಿಯುತ್ತಿರುವ ಹೆಂಗಸರು ಹೇಳಬಲ್ಲರು. ಯಾರು ಎಲ್ಲಿಗೆ ಹೋಗಿದ್ದಾರೆ, ಯಾರು ಯುಗಾದಿಗೆ ಬರುತ್ತಾರೆ, ಯಾರು ಬರುವುದನ್ನೇ ಬಿಟ್ಟಿದ್ದಾರೆ ಎಂಬುದು ಅವರಿಗೆ ಗೊತ್ತು.